ಫಟಫಟಿಯ ಜೀರ್ಣೋದ್ಧಾರ

ಹೊಸ ಕೆರೆಯನ್ನು ಕಟ್ಟಿಸುವದಕ್ಕಿಂತ ಒಡೆದ ಕೆರೆಯನ್ನು ಸರಿಪಡಿಸುವದು ಹೆಚ್ಚಿನ ಪುಣ್ಯದ ಕೆಲಸವೆಂದು ಹಿಂದಿನವರು ಹೇಳುತ್ತ ಬಂದಿರುವರು. ಗುಡಿ, ಬಾವಿ, ಮಠ, ಧರ್ಮಶಾಲೆ ಇವುಗಳ ವಿಷಯದಲ್ಲಿ ಜೀರ್ಣೋದ್ಧಾರವೆಂಬ ಶಬ್ದವು ರೂಢವಾಗಿರುವದು. ಅದೇ ಶಬ್ದವನ್ನು ಒಂದು ಫಟಫಟಿಗೆ ಹಚ್ಚಿದರೆ ವಾಚಕರಲ್ಲಿ ಕೆಲವರಿಗೆ ನಗೆ ಬಂದೀತು. ಆದರೆ ಜೀರ್ಣವಾದುದರಲ್ಲಿ ಯಾವದನ್ನು ಉಳಿಸಬೇಕು, ಯಾವದನ್ನು ತೆಗೆಯಬೇಕು, ತೆಗೆದುದರ ಸ್ಥಳದಲ್ಲಿ ಎಂಥದನ್ನು ಇಡಬೇಕು ಎಂಬ ಪ್ರಶ್ನೆಯು ಗುಡಿಗೂ ಫಟಫಟಿಗೂ ಒಂದೇ ಆಗಿದೆ. ಗುಡಿಗಾದರೆ ಆಗಮಶಾಸ್ತ್ರದ ಆಧಾರವುಂಟು. ಭಗ್ನವಾದ ವಿಗ್ರಹವನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಿಸಬೇಕೆಂದು ಅದು ನಿಸ್ಸಂದೇಹವಾಗಿ ವಿಧಿಸುವದು. ಫಟಫಟಿಗೆ ಅಂಥ ಶಾಸ್ತ್ರವಿಲ್ಲ. 2022ನೆಯ ಇಸವಿಯಲ್ಲಿ ಧುಪದಾಳದ ಒಂದು ಮನೆಯವರು ಈ ಪ್ರಶ್ನೆಯನ್ನು ತಮ್ಮಷ್ಟಕ್ಕೆ ತಾವೇ ಬಿಡಿಸಿಕೊಳ್ಳಬೇಕಾಯಿತು.

ಗೋಕಾಕ ತಾಲೂಕಿನ ಧುಪದಾಳವು ಘಟಪ್ರಭಾ ನದಿಯ ದಂಡೆಯ ಊರು. ಇಲ್ಲಿ ನದಿಗೆ ಅಡ್ಡವಾಗಿ ಕಟ್ಟಿದ ಕಲ್ಲಿನ ಬಂಧಾರವು 1897ರದು. ಎಡದಂಡೆಯ ಕಾಲುವೆಯು ಹೊರಡುವದು ಇಲ್ಲಿಂದಲೇ. ಬಂಧಾರದ ಹಿಂದೆ ನಿಂತ ನೀರಿನಲ್ಲಿ ಹಕ್ಕಿಗಳು, ಮುಂದೆ ಕಬ್ಬಿನ ಹೊಲಗಳು. ಇದೇ ನದಿಯು ಕೆಳಗೆ ಗೋಕಾಕದ ಬಳಿಯಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವದು; ಆ ನೀರಿನ ಬಲದಿಂದ 1887ರಲ್ಲಿಯೇ ಅಲ್ಲಿಯ ನೂಲಿನ ಗಿರಣಿಯು ತಿರುಗಹತ್ತಿತು. ಯಂತ್ರವೆಂಬದು ಈ ಸೀಮೆಯ ಜನರಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ.

ಆ ಮನೆಯ ಅಜ್ಜನವರು ಕಾಲುವೆಯ ಖಾತೆಯಲ್ಲಿ ಚಾಕರಿಯಲ್ಲಿದ್ದವರು. ಹಿಡಕಲ್ಲಿನ ಜಲಾಶಯವು 1977ರಲ್ಲಿ ಮುಗಿಯುವವರೆಗೆ ಕಾಲುವೆಯ ನೀರೆಲ್ಲ ಹೊಳೆಯ ದಯೆಯನ್ನೇ ಅವಲಂಬಿಸಿದ್ದಿತು. ಹೊಳೆ ಇಳಿದ ದಿವಸಗಳಲ್ಲಿ ನೀರಿನ ಪಾಳಿಗಾಗಿ ರೈತರಲ್ಲಿ ತಂಟೆಗಳು ಏಳುತ್ತಿದ್ದವು. ಪಾಟಕರಿಯೊಬ್ಬನಿಂದ ಆಗದ ಕೆಲಸಕ್ಕೆ ಮೇಲಿನವರು ಹೋಗಿ ನಿಲ್ಲಬೇಕು. ರಾತ್ರಿಯಾಗಲಿ ಹಗಲಾಗಲಿ ಕಾಲುವೆಯ ದಂಡೆಯ ಮಣ್ಣುದಾರಿಯಲ್ಲಿ ಸಾಯಕಲ್ಲು ತುಳಿದು ತುಳಿದು ಬೇಸತ್ತು ಅವರು 1969ರಲ್ಲಿ ಒಂದು ಜಾವಾ ಫಟಫಟಿಯನ್ನು ಕೊಂಡರು. ಕೊಂಡುದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಅದು ಮುಂದೆ ಬರುವದು.

ಜಾವಾ ಎಂಬದನ್ನು ಕೇಳಿ ಅದು ಜಾವಾ ದ್ವೀಪದಿಂದ ಬಂದ ಸರಕೆಂದು ತಿಳಿದವರು ಹಳ್ಳಿಯಲ್ಲಿ ಬಹು ಜನ. ಹಾಗಲ್ಲ. ಯುರೋಪಿನ ಚೆಕ್ ದೇಶದ ಪ್ರಾಗ್ ಪಟ್ಟಣದಲ್ಲಿ ಯಾನೆಚೆಕ್ ಎಂಬ ಯಂತ್ರಜ್ಞನು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸಾಯಕಲ್ಲಿನ ನಮೂನೆಯನ್ನು ಕೊಂಡು ಕಾರಖಾನೆಯನ್ನು ತೆಗೆದಾಗ, ತನ್ನ ಹೆಸರಿನ ಮೊದಲಿನ ಎರಡು ಅಕ್ಷರಗಳನ್ನೂ ಆ ಹೆಸರಿನ ಎರಡು ಅಕ್ಷರಗಳನ್ನೂ ಕೂಡಿಸಿ ಈ ನಾಮಕರಣವನ್ನು ಮಾಡಿದನು. ವ್ಯಾಕರಣದಲ್ಲಿ ಇಂಥ ಸಮಾಸಕ್ಕೆ ಹೆಸರಿಲ್ಲದಿದ್ದರೂ ವ್ಯಾಪಾರದಲ್ಲಿ ಅದು ಸಾಧುವಾಯಿತು. ಆ ಗಾಡಿಗಳನ್ನು ಹಿಂದುಸ್ಥಾನಕ್ಕೆ ತರಿಸುತ್ತಿದ್ದ ಇರಾಣಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರಖಾನೆಯನ್ನು ಸ್ಥಾಪಿಸಿ 1961ರಿಂದ ಅವುಗಳನ್ನು ಇಲ್ಲಿಯೇ ಮಾಡಹತ್ತಿದರು. 1970ರ ದಶಕದಲ್ಲಿ ಹೆಸರು ಯೆಜ್ದಿ ಎಂದು ಬದಲಾಯಿತು. ಅದು ಇರಾಣದ ಯಜ್ದ್ ಪಟ್ಟಣವನ್ನು ನೆನಪಿಸುವ ಹೆಸರು. ಮುಂದೆ ಕಡಿಮೆ ಎಣ್ಣೆ ಕುಡಿಯುವ ಜಪಾನೀ ನಮೂನೆಯ ಚಿಕ್ಕ ಗಾಡಿಗಳು ಬಂದವು, 1996ರಲ್ಲಿ ಮೈಸೂರಿನ ಕಾರಖಾನೆಗೆ ಬೀಗ ಬಿದ್ದಿತು. 2018ರಲ್ಲಿ ಬೇರೆ ಮಾಲಕರು ಜಾವಾ ಹೆಸರನ್ನು ಮತ್ತೆ ಎತ್ತಿದರಾದರೂ ಆ ಯಂತ್ರದ ಜಾತಿಯೇ ಬೇರೆ. ಹಳೆಯ ಜಾವಾದ ಎರಡು ಹೊಗೆಕೊಳವೆಗಳೊಳಗಿಂದ ಹೊರಡುವ ಆ ತುಂಬಿದ ದನಿಯನ್ನು ಕೇಳಿದವರು ಅದನ್ನು ಮರೆಯುವದಿಲ್ಲ. ಜುಲೈ ತಿಂಗಳಿನ ಎರಡನೆಯ ರವಿವಾರ ಬೆಂಗಳೂರಿನಲ್ಲಿ ಇಂಥ ಗಾಡಿಗಳ ಜಾತ್ರೆಯೇ ನೆರೆಯುವದುಂಟು.

ಇನ್ನು ಆ ಎರಡನೆಯ ಕಾರಣ. ಅಜ್ಜನವರ ಹಿರಿಯ ಮಗಳು ಹುಟ್ಟಿದ್ದು 1962ರಲ್ಲಿ. ಮೂರನೆಯ ವರ್ಷಕ್ಕೆ ಜ್ವರ ಬಂದು, ಜ್ವರ ಇಳಿದ ಮೇಲೆ ಬಲಗಾಲು ಏಳಲಿಲ್ಲ. ಪೋಲಿಯೋ ಎಂಬ ಹೆಸರನ್ನು ಮನೆಯವರು ಕೇಳಿದ್ದು ಆಮೇಲೆ. ಹಿಂದುಸ್ಥಾನವು ಆ ವ್ಯಾಧಿಯಿಂದ ಮುಕ್ತವಾಯಿತೆಂದು 2014ರ ಮಾರ್ಚ 27ರಂದು ಜಾಗತಿಕ ಆರೋಗ್ಯ ಸಂಸ್ಥೆಯು ಪ್ರಮಾಣಪತ್ರವನ್ನು ಕೊಟ್ಟಿತು. ಆದರೆ 1965ರ ಹಳ್ಳಿಯಲ್ಲಿ ಅದು ದೈವದ ಮಾತಾಗಿದ್ದಿತು. ಮಿರಜಿಗೆ ಹೋಗಿ ಕಬ್ಬಿಣ ಮತ್ತು ತೊಗಲಿನ ಪಟ್ಟಿಯನ್ನು ಮಾಡಿಸಿಕೊಂಡು ಬಂದರು. ಅದನ್ನು ಕಟ್ಟಿದರೆ ಹುಡುಗಿಯು ನಿಲ್ಲಬಲ್ಲಳು, ಆದರೆ ಕಾಲು ಕೋಲಿನಂತೆ ನೆಟ್ಟಗೆ, ಮೊಣಕಾಲಿನಲ್ಲಿ ಮಣಿಯುವಂತಿಲ್ಲ.

ಹುಡುಗಿಯನ್ನು ಓದಿಸಲೇಬೇಕೆಂದು ಅಜ್ಜನವರ ಹಟ. ಮಣಿಯದ ಕಾಲಿನ ಕೂಸನ್ನು ಫಟಫಟಿಯ ಹಿಂದೆ ಕೂಡಿಸುವದು ಹೇಗೆ? ಮುಂದೆ ಚಾಚಿದರೆ ಓಡಿಸುವವನ ತೊಡೆಗೆ ತಾಕುವದು. ಪಕ್ಕಕ್ಕೆ ಚಾಚಿದರೆ ಎದುರಿನ ಬಂಡಿಗೆ ತಗಲುವದು. ಕಮ್ಮಾರನೊಬ್ಬನನ್ನು ಕೂಡಿಸಿಕೊಂಡು ಆ್ಯಂಗಲ್ ಕಬ್ಬಿಣದಿಂದ ಅವರು ಒಂದು ಖುರ್ಚಿಯನ್ನು ಮಾಡಿಸಿ, ಹಿಂದಿನ ಚೌಕಟ್ಟಿಗೆ ಬೆಸುಗೆ ಹಾಕಿಸಿದರು. ಖುರ್ಚಿಯ ಮುಖ ಹಿಂದಕ್ಕೆ. ಮಡಗಾರ್ಡಿನ ಮೇಲೆ ಕಾಲು ಚಾಚಲು ಒಂದು ಹಲಗೆ, ಸೊಂಟಕ್ಕೆ ಬಿಗಿಯಲು ತೊಗಲಿನ ಪಟ್ಟಿ. ಹತ್ತು ವರ್ಷಗಳ ವರೆಗೆ, ಮೆಟ್ರಿಕ್ ಮುಗಿಯುವ ತನಕ, ಆ ಹುಡುಗಿ ಶಾಲೆಗೆ ಹೋದದ್ದು ಹೀಗೆ. ಇಡೀ ಊರು ಆ ಖುರ್ಚಿಯನ್ನು ಬಲ್ಲದು. ಮಗಳ ಮೇಲಿನ ಮಮತೆಗೆ ದೃಷ್ಟಾಂತ ಕೊಡಬೇಕಾದಲ್ಲಿ ಧುಪದಾಳದ ಹಿರಿಯರು ಇಂದಿಗೂ ಅದನ್ನೇ ಹೇಳುವರು.

ಅಜ್ಜನವರು ನಿವೃತ್ತರಾದ ಮೇಲೆ ಗಾಡಿಯನ್ನು ಓಡಿಸುವವರಿಲ್ಲದಾಯಿತು. ದನದ ಕೊಟ್ಟಿಗೆಯ ಮೂಲೆಯಲ್ಲಿ ಕಣಕಿಯ ಸಿವುಡುಗಳ ಹಿಂದೆ ಅದನ್ನು ನಿಲ್ಲಿಸಿದರು. 1998ರಲ್ಲಿ ಅವರು ತೀರಿಕೊಂಡರು. ಆಮೇಲೆ ಕೋಳಿಗಳು ಅದರ ಮೇಲೆ ಕುಳಿತವು, ಗಾಳಿಪೆಟ್ಟಿಗೆಯಲ್ಲಿ ಇಲಿಗಳು ಮರಿ ಹಾಕಿದವು, ಗಾಲಿಗಳು ಕಡ್ಡಿಗಳ ಸಮೇತ ಜಂಗು ತಿಂದವು. ಹಳೆಯ ಕಬ್ಬಿಣ ಕೊಳ್ಳುವವನು ವರ್ಷಕ್ಕೊಮ್ಮೆ ಬಂದು ತೂಕದ ದರ ಹೇಳಿ ಹೋಗುತ್ತಿದ್ದನು. ಈ ಸೀಮೆಯಲ್ಲಿ ಅಂಥವನ ಸರಕಿಗೆ ಭಂಗಾರವೆಂದು ಹೆಸರು. ಬಂಗಾರಕ್ಕೂ ಭಂಗಾರಕ್ಕೂ ಒಂದು ಮಹಾಪ್ರಾಣದ ಅಂತರ ಮಾತ್ರ! ಮಗನು ಕೊಡಲಿಲ್ಲ. ತಂದೆಯ ನೆನಪು ಎಂದನು. ಆದರೆ ನೆನಪಿಗೆ ಒಂದು ತೊಟ್ಟು ಎಣ್ಣೆಯನ್ನೂ ಅವನು ಹಾಕಲಿಲ್ಲವೆಂಬದನ್ನು ಹೇಳಲೇಬೇಕು. ಸ್ಮಾರಕಗಳಿಗೆ ಸಾಮಾನ್ಯವಾಗಿ ಒದಗುವ ಗತಿಯೇ ಇದು.

ಮೊಮ್ಮಗನು ಯಂತ್ರವಿದ್ಯೆಯಲ್ಲಿ ಡಿಪ್ಲೊಮಾ ಮಾಡಿದ ತರುಣ. 2022ರ ಬೇಸಗೆಯಲ್ಲಿ ಅವನು ಕಣಕಿಯನ್ನು ಸರಿಸಿ ಗಾಡಿಯನ್ನು ಹೊರಗೆ ತೆಗೆದನು. ಅವನ ಮನಸ್ಸಿನಲ್ಲಿದ್ದದ್ದು ಅಜ್ಜನ ಗಾಡಿಯಲ್ಲ, ಕೆಫೆ ರೇಸರ್. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲಂಡದ ತರುಣರು ತಮ್ಮ ಮೋಟಾರ್ ಸಾಯಕಲ್ಲುಗಳಿಂದ ಬೇಡಾದುದನ್ನೆಲ್ಲ ಕಿತ್ತು ಹಾಕಿ, ಹ್ಯಾಂಡಲನ್ನು ತಗ್ಗಿಸಿ, ಒಬ್ಬನಿಗೆ ಸಾಕಾಗುವ ಆಸನವನ್ನಿಟ್ಟು, ಒಂದು ಚಹದಂಗಡಿಯಿಂದ ಇನ್ನೊಂದಕ್ಕೆ ಪೈಪೋಟಿಯಿಂದ ಓಡಿಸುತ್ತಿದ್ದರು. ಆ ಮಾದರಿಗೆ ಆ ಹೆಸರು ಬಂದುದು ಹೀಗೆ. ಧುಪದಾಳದಲ್ಲಿ ಚಹದಂಗಡಿಗಳಿಗೇನೂ ಕೊರತೆಯಿಲ್ಲ. ಹುಡುಗನ ಲೆಕ್ಕದಲ್ಲಿ ಮೊದಲು ಹೋಗತಕ್ಕದ್ದು ಖುರ್ಚಿ, ಆಮೇಲೆ ಮಡಗಾರ್ಡು, ಆಮೇಲೆ ಸರಪಳಿಯ ಮುಚ್ಚಳ.

ಘಟಪ್ರಭಾ ಸ್ಟೇಶನ್ನಿನ ಸಮೀಪದಲ್ಲಿ ಒಬ್ಬ ಮುದಿ ಮಿಸ್ತ್ರಿ ಇರುವರು. ಜಾವಾ ಯೆಜ್ದಿಗಳ ಹೊರತು ಬೇರೆ ಗಾಡಿಗೆ ಅವರು ಮನಸ್ಸಿಟ್ಟು ಪಾನಾ ಹಚ್ಚುವದಿಲ್ಲ. ಹುಡುಗನ ಕಾಗದದ ಮೇಲಿನ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು.

“ತಮ್ಮಾ, ಇದು ಚಲೋ ಐತಿ. ಆದರ ಮೊದಲ ಇದಕ್ಕ ಜೀವಾ ಬರಲಿ. ಅಂಗಿ ಯಾವದು ತೊಡಸೂದು ಅಂಬೂದು ಆಮ್ಯಾಲೆ.”

“ಆಗಲಿ ಕಾಕಾ” ಎಂದನು ಹುಡುಗ.

ಜೀವ ಬರುವದಕ್ಕೆ ಎಂಟು ತಿಂಗಳು ಹಿಡಿದವು. ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು ಒಂದೇ ಲೋಹವಾದಂತೆ ಇದ್ದಿತು. ಪ್ಲಗ್ಗಿನ ರಂಧ್ರದಿಂದ ಚಿಮಣಿ ಎಣ್ಣೆಯನ್ನು ಸುರಿದು ಹನ್ನೊಂದು ದಿವಸ ಬಿಟ್ಟರು. ದಿನವೂ ಹುಡುಗನು ಬಂದು ಗಾಲಿಯನ್ನು ತಿರುಗಿಸಿ ನೋಡುವನು. ಮಿಸ್ತ್ರಿಯವರು ತಲೆ ಅಲ್ಲಾಡಿಸುವರು. ಹನ್ನೆರಡನೆಯ ದಿವಸ ಕಟ್ಟಿಗೆಯ ತುಂಡನ್ನಿಟ್ಟು ಮೆಲ್ಲಗೆ ಬಡಿದಾಗ ಅದು ಒಂದು ಗೋಧಿಯ ಕಾಳಿನಷ್ಟು ಸರಿಯಿತು. ಸುತ್ತಿಗೆಯಿಂದ ಜೋರಾಗಿ ಬಡಿದಿದ್ದರೆ ಅದೇ ಮೊದಲಿನ ದಿನವೇ ಕೆಲಸ ಮುಗಿದು, ಸಿಲಿಂಡರೂ ಮುಗಿಯುತ್ತಿತ್ತು.

ಈ ಯಂತ್ರದ ರಚನೆಯು ವಾಚಕರಿಗೆ ತಿಳಿದರೆ ಮುಂದಿನ ಮಾತು ಸುಲಭವಾಗುವದು. ಈಗಿನ ಬಹುತರ ಫಟಫಟಿಗಳಲ್ಲಿ ಪಿಸ್ಟನ್ನು ಎರಡು ಸಾರೆ ಏರಿ ಎರಡು ಸಾರೆ ಇಳಿದರೆ ಒಮ್ಮೆ ಸ್ಫೋಟ. ಹಳೆಯ ಜಾವಾದಲ್ಲಿ ಒಂದು ಸಾರೆ ಏರಿ ಒಂದು ಸಾರೆ ಇಳಿದರೆ ಒಮ್ಮೆ. ಅದಕ್ಕೆ ಬಾಗಿಲು ತೆರೆದು ಮುಚ್ಚುವ ವಾಲ್ವುಗಳಿಲ್ಲ, ಪಿಸ್ಟನ್ನೇ ದ್ವಾರಪಾಲಕ. ಗಾಳಿ ಪೆಟ್ರೋಲುಗಳ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿನ ಹೊಟ್ಟೆಗೆ ಬರುವದು, ಅಲ್ಲಿ ಒತ್ತಲ್ಪಟ್ಟು ಪಕ್ಕದ ಸುರಂಗದಿಂದ ಮೇಲಕ್ಕೆ ಏರಿ ಉರಿಯುವದು. ಅಂದರೆ ಇದು ಹೊಟ್ಟೆಯಿಂದ ಉಸಿರಾಡುವ ಪ್ರಾಣಿ. ಪ್ರಾಣಾಯಾಮ ಬಲ್ಲವರಿಗೆ ಇದು ಬೇಗ ತಿಳಿದೀತು. ಆ ಹೊಟ್ಟೆಯಲ್ಲಿಯೇ ಕ್ರ್ಯಾಂಕು ತಿರುಗುವದರಿಂದ ಅಲ್ಲಿ ಬೇರೆ ಎಣ್ಣೆಯನ್ನು ತುಂಬುವಂತಿಲ್ಲ. ಪೆಟ್ರೋಲಿನಲ್ಲಿಯೇ ಲೀಟರಿಗೆ ಸುಮಾರು 40 ಮಿಲಿಲೀಟರಿನಷ್ಟು ಎಣ್ಣೆಯನ್ನು ಕಲಸಿ ಹಾಕಬೇಕು. ಕ್ರ್ಯಾಂಕಿನ ಎರಡೂ ಬದಿಗಳಲ್ಲಿ ರಬ್ಬರಿನ ಸೀಲುಗಳು ಗಾಳಿಯನ್ನು ತಡೆಯುವವು. ಮೂವತ್ತು ವರ್ಷ ನಿಂತ ಗಾಡಿಯಲ್ಲಿ ಅವು ಒಣಗಿದ ತೊಗಲಾಗಿದ್ದವು. ತಿಳಿಯದವರು ಅವುಗಳನ್ನು ಹಾಗೆಯೇ ಬಿಟ್ಟು ಚಾಲೂ ಮಾಡುವರು. ಗಾಡಿ ಚಾಲೂ ಆಗುವದು, ಸಂತೋಷವೂ ಆಗುವದು. ಆದರೆ ಸೀಲಿನ ಸಂದಿಯಿಂದ ಹೊರಗಿನ ಗಾಳಿ ಒಳಹೊಕ್ಕು ಮಿಶ್ರಣವು ತೆಳುವಾಗಿ, ಯಂತ್ರವು ಕಾದು, ನಾಲ್ಕು ಹರಿದಾರಿ ಹೋಗುವದರೊಳಗೆ ಪಿಸ್ಟನ್ನು ಮತ್ತೆ ಕಚ್ಚುವದು. ಕಾಣಿಸದ ಎರಡು ರಬ್ಬರಿನ ಬಳೆಗಳಿಗಾಗಿ ಯಂತ್ರವನ್ನೆಲ್ಲ ಎರಡು ಹೋಳಾಗಿ ಬಿಚ್ಚಬೇಕಾಗುವದೆಂದು ಹುಡುಗನಿಗೆ ಮೊದಲು ಬೇಸರ ಬಂದಿತು.

ಹೋಳು ಮಾಡಿದ್ದು ಒಳ್ಳೆಯದೇ ಆಯಿತು. ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗು ಸವೆದು ಗಳಗಳ ಎನ್ನುತ್ತಿತ್ತು. ಜಾವಾದ ಕ್ರ್ಯಾಂಕು ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳ ನಡುವೆ ಒಂದು ಅಚ್ಚನ್ನು ಯಂತ್ರದಿಂದ ಒತ್ತಿ ಕೂಡಿಸಿದ್ದು. ಅದನ್ನು ಬಿಡಿಸಿ, ಹೊಸ ರಾಡನ್ನಿಟ್ಟು, ಮತ್ತೆ ಒತ್ತಿ, ಎರಡೂ ಬದಿಯ ಅಚ್ಚುಗಳು ಮಿಲಿಮೀಟರಿನ ನೂರನೆಯ ಪಾಲುಗಳ ಲೆಕ್ಕದಲ್ಲಿ ಒಂದೇ ಗೆರೆಗೆ ಬರುವಂತೆ ಮಾಡಬೇಕು. ಇದಕ್ಕಾಗಿ ಬೆಳಗಾವಿಯ ಉದ್ಯಮಬಾಗಕ್ಕೆ ಹೋದರು. ಅಲ್ಲಿ ಎರಕದ ಭಟ್ಟಿಗಳೂ ಲೇಥುಗಳೂ ಮನೆ ಮನೆಗೆ ಎಂಬಂತಿವೆ. 65 ಮಿಲಿಮೀಟರ್ ಅಗಲದ ಸಿಲಿಂಡರನ್ನು ಅರ್ಧ ಮಿಲಿಮೀಟರಿನಷ್ಟು ಹೆಚ್ಚಿಗೆ ಕೊರೆಸಿ ಅದಕ್ಕೆ ತಕ್ಕ ಪಿಸ್ಟನ್ನನ್ನು ತಂದರು. ಕಾರಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಮೈಸೂರು ಬೆಂಗಳೂರುಗಳ ಅಂಗಡಿಗಳಲ್ಲಿ ಈ ಭಾಗಗಳು ದೊರೆಯುವವು. ಹಳೆಯವು ತೀರಿದಲ್ಲಿ ಅದೇ ಅಳತೆಗೆ ಹೊಸವನ್ನು ಮಾಡುವವರಿದ್ದಾರೆ.

ಪೆಟ್ರೋಲಿನ ಟಾಕಿಯೊಳಗೆ ಜಂಗಿನ ಹೆಪ್ಪು. ಹಿಡಿ ಹಿಡಿ ಸಣ್ಣ ನಟ್ಟುಗಳನ್ನೂ ಹುಣಿಸೆಯ ನೀರನ್ನೂ ಹಾಕಿ, ಕಂಬಳಿಯಲ್ಲಿ ಸುತ್ತಿ, ತೊಟ್ಟಿಲಿನಂತೆ ತೂಗಿದರು. ಇದರಲ್ಲಿ ಮನೆಯವರೆಲ್ಲರೂ ಪಾಲುಗೊಂಡರು. ಆಶ್ಚರ್ಯವೆಂದರೆ ಹುಡುಗನು ಬಿಸಾಡಬೇಕೆಂದಿದ್ದ ಸರಪಳಿಯ ಮುಚ್ಚಳವನ್ನು ತೆಗೆದಾಗ ಒಳಗಿನ ಸರಪಳಿಯು ಗ್ರೀಸಿನೊಡನೆ ಮಿರಮಿರನೆ ಮಿಂಚುತ್ತಿತ್ತು. ಇಡೀ ಗಾಡಿಯಲ್ಲಿ ಕೆಡದೆ ಉಳಿದದ್ದು ಅದೊಂದೇ. ಹುಡುಗನು ತನ್ನ ಕಾಗದದ ಚಿತ್ರದಲ್ಲಿ ಮುಚ್ಚಳವನ್ನು ಮತ್ತೆ ಬರೆದನು.

ಬಣ್ಣವನ್ನು ಕೆರೆದು ಚೌಕಟ್ಟನ್ನು ಬತ್ತಲೆ ಮಾಡಿದ ದಿವಸ ಪ್ರಶ್ನೆಯು ಎದ್ದಿತು. ಖುರ್ಚಿಯ ಬೆಸುಗೆ ಕೂಡಿದ ಸ್ಥಳದಲ್ಲಿ, ಎಡದ ಕೊಳವೆಯ ಮೇಲೆ, ಕೂದಲಿನಷ್ಟು ತೆಳ್ಳಗಿನ ಒಂದು ಸೀಳು ಕಂಡಿತು. ಮಿಸ್ತ್ರಿಯವರು ಉಗುರು ಎಳೆದು ನೋಡಿ, ಖುರ್ಚಿಯನ್ನು ಬಿಡಿಸದೆ ಇದನ್ನು ಕೂಡಿಸಲಾಗದು ಎಂದರು.

ಇಲ್ಲಿ ಮೂರು ಮತಗಳಾದವು. ಹುಡುಗನ ತಂದೆಯ ಮತವು ಖುರ್ಚಿಯನ್ನು ಮತ್ತೆ ಅಲ್ಲಿಯೇ ಇಡಬೇಕೆಂದು. ಖುರ್ಚಿ ಇಲ್ಲದಿದ್ದರೆ ಅದು ತನ್ನ ತಂದೆಯ ಗಾಡಿಯೇ ಅಲ್ಲ. ಪೇಟೆಯಲ್ಲಿ ಸಿಗುವ ಯಾವದೋ ಜಾವಾ ಎಂದು ಅವನ ವಾದ. ಮಿಸ್ತ್ರಿಯವರು, ಕಾರಖಾನೆಯಿಂದ ಹೊರಬಿದ್ದ ದಿವಸದ ರೂಪವೇ ನಿಜವಾದ ರೂಪ ಎಂದರು. ಅವರ ಪಕ್ಷಕ್ಕೆ ಕಾಯಿದೆಯ ಬಲವೂ ಇದ್ದಿತು. 2021ರ ಜುಲೈದಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ, ಮೊದಲು ನೋಂದಣಿಯಾಗಿ 50 ವರ್ಷಗಳು ಮೀರಿದ, ಮೂಲರೂಪದಲ್ಲಿಯೇ ಉಳಿದ, ಚೌಕಟ್ಟಿನಲ್ಲಿಯೂ ಯಂತ್ರದಲ್ಲಿಯೂ ದೊಡ್ಡ ಬದಲಾವಣೆಯಾಗದ ಗಾಡಿಗೆ ವಿಂಟೇಜ್ ಎಂಬ ಮಾನ ದೊರೆಯುವದು. ಮೊದಲೇ ನೋಂದಣಿಯಾದ ಗಾಡಿಯು ತನ್ನ ಹಳೆಯ ಅಂಕಿಯನ್ನು ಉಳಿಸಿಕೊಳ್ಳಬಹುದು. ಕರ್ನಾಟಕವೆಂಬ ಹೆಸರು ಬರುವದಕ್ಕಿಂತ ನಾಲ್ಕು ವರ್ಷ ಮೊದಲಿನ, ಮೈಸೂರು ರಾಜ್ಯದ ಎಂ.ವೈ. ಅಕ್ಷರಗಳ ಆ ಫಲಕವು ಮಿಸ್ತ್ರಿಯವರಿಗೆ ತಾಮ್ರಪಟದಷ್ಟು ಪೂಜ್ಯ. ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯ ರಸ್ತೆಯ ಮೇಲೆ ಓಡಿಸುವಂತಿಲ್ಲ. ಪ್ರದರ್ಶನಕ್ಕೋ ಮೆರವಣಿಗೆಗೋ ದುರಸ್ತಿಗೋ ತೆಗೆಯಬಹುದು, ಅಷ್ಟೆ. ಹುಡುಗನ ಕೆಫೆ ರೇಸರಿಗಾದರೋ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡಿ. ತಯಾರಿಸಿದವರು ಕೊಟ್ಟ ಮೂಲ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ಅದು ಹೇಳುವದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿ ಹಿಡಿಯಿತು.

ಈ ವಾದವು ಪಡಸಾಲೆಯಲ್ಲಿ ಮೂರು ಸಂಜೆ ನಡೆಯಿತು. ಖುರ್ಚಿಯಲ್ಲಿ ಕುಳಿತವಳನ್ನು ಯಾರೂ ಕೇಳಿರಲಿಲ್ಲ. ಹುಡುಗನ ಸೋದರತ್ತೆಯಾದ ಆಕೆಯು ಹೆಣ್ಣು ಮಕ್ಕಳ ಹಾಯಸ್ಕೂಲಿನಲ್ಲಿ ಗಣಿತವನ್ನು ಕಲಿಸಿ ಅದೇ ವರ್ಷ ನಿವೃತ್ತಳಾಗಿದ್ದಳು. ಚಾಕರಿಯ ಕೊನೆಯ ಇಪ್ಪತ್ತು ವರ್ಷ ತನ್ನ ಸ್ಕೂಟರಿಗೆ ಎರಡು ಪಕ್ಕದ ಗಾಲಿಗಳನ್ನು ಜೋಡಿಸಿಕೊಂಡು ತಾನೇ ಓಡಿಸಿದವಳು. ಹೀಗಾಗಿ ಆ ಮನೆಯಲ್ಲಿ ಮಾರ್ಪಡಿಸಿದ ಗಾಡಿಯ ಅನುಭವವುಳ್ಳವಳು ಆಕೆಯೊಬ್ಬಳೇ. ಮೂರನೆಯ ಸಂಜೆ ಜೋಳ ಹಸನು ಮಾಡುತ್ತ ಕುಳಿತಿದ್ದ ಆಕೆ ಮೊರವನ್ನು ಕೆಳಗಿಟ್ಟಳು.

“ತಮ್ಮಾ, ಆ ಖುರ್ಚಿ ತಗೀರಿ” ಎಂದಳು.

ತಮ್ಮನಿಗೆ ಮಾತೇ ಹೊರಡಲಿಲ್ಲ. “ಅಕ್ಕಾ, ಅಪ್ಪ ನಿನ್ನ ಸಲುವಾಗಿ...”

“ನನ್ನ ಸಲುವಾಗಿ ಮಾಡಿಸ್ಯಾನ ಖರೆ. ಅವನ ಕೈಲೆ ಆವಾಗ ಅದs ಆಗತಿತ್ತು. ಅವನ್ನ ಮಾಡಿಸದಿದ್ದರ ನಾ ಇವತ್ತು ಮೂಲಿಗೆ ಕೂತಿರತಿದ್ದೆ. ಆದರ ನಿನಗ ಅದು ಅಪ್ಪನ ನೆನಪು, ನನಗ ಬ್ಯಾರೆ. ಅದರಾಗ ಕೂತಾಕಿ ನಾ. ಹತ್ತು ವರ್ಷ ನಾ ಮುಂದಿನ ರಸ್ತಿ ನೋಡಲಿಲ್ಲ. ಅಪ್ಪನ ಬೆನ್ನು ಸುದ್ಧಾ ನೋಡಲಿಲ್ಲ. ಹಿಂದ ಉಳಿದ ಊರು, ಧೂಳಾ, ನಕ್ಕೋತ ಬೆನ್ನ ಹತ್ತಿ ಬರೋ ಹುಡುಗರು, ಇಷ್ಟs. ಊರೆಲ್ಲಾ ಅಪ್ಪನ್ನ ಹೊಗಳತಿತ್ತು. ನನ್ನ ಸೊಂಟಕ್ಕ ಪಟ್ಟಿ.”

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನೇ ಕೇಳಿದನು, “ಹಂಗಾರ ಅತ್ತೀ, ಏನ ಮಾಡೂಣು?”

“ನನ್ನ ಕೇಳತಿದ್ದರ, ಮುಂದ ಮಾರಿ ಮಾಡಿ ಕೂಡುವಂಗ ಮಾಡು. ಈಗಿನ ಪಟ್ಟಿಗೆ ಮೊಣಕಾಲಿನಾಗ ಕೀಲು ಐತಿ.”

ಅವಯವಗಳಿಂದ ಅವಯವಿಯು ಬೇರೆಯೋ ಅಲ್ಲವೋ ಎಂಬದು ನಮ್ಮ ದೇಶದ ತರ್ಕಶಾಸ್ತ್ರದಲ್ಲಿ ಹಳೆಯ ಜಗಳ. ಬಟ್ಟೆಯಿಂದ ಒಂದು ಎಳೆಯನ್ನು ತೆಗೆದರೆ ಮೊದಲಿನ ಪಟವು ನಾಶವಾಗಿ ಖಂಡಪಟವೆಂಬ ಹೊಸ ವಸ್ತುವೇ ಹುಟ್ಟುವದೆಂದು ವೈಶೇಷಿಕರು ಹಟ ಹಿಡಿಯುವರು. ಅವರ ಮಾತಿನಂತೆ ಧುಪದಾಳದ ಆ ಗಾಡಿಯು ಮೊದಲ ಸೀಲು ಬದಲಾದಾಗಲೇ ಅಜ್ಜನದಾಗಿ ಉಳಿಯಲಿಲ್ಲ. ಬೌದ್ಧರಾದರೋ ನಾಗಸೇನ ಮುನಿಯ ರಥದ ದೃಷ್ಟಾಂತವನ್ನು ಕೊಟ್ಟು, ಅಚ್ಚು ರಥವಲ್ಲ, ಗಾಲಿ ರಥವಲ್ಲ, ರಥವೆಂಬದು ಹೆಸರು ಮಾತ್ರವೆನ್ನುವರು. ಈ ಎರಡು ಪಕ್ಷದವರೂ ರಥದಲ್ಲಿ ಯಾರು ಯಾವ ಕಡೆಗೆ ಮುಖ ಮಾಡಿ ಕುಳಿತಿದ್ದರೆಂದು ವಿಚಾರಿಸಿದಂತೆ ಕಾಣುವದಿಲ್ಲ.

ಕೆಲಸವು ಮತ್ತೆ ಆರಂಭವಾಯಿತು. ಖುರ್ಚಿಯ ಬೆಸುಗೆಯನ್ನು ಕೊಯ್ದು, ಸೀಳಿದ ಕೊಳವೆಗೆ ಒಳಗಿನಿಂದ ಒಂದು ಚಿಕ್ಕ ನಳಿಗೆಯನ್ನು ಸೇರಿಸಿ ಕೂಡಿಸಿದರು. ಹುಡುಗನು ಮೂರು ಆಸನಗಳನ್ನು ಮಾಡಿ ಕೆಡಿಸಿದನು. ಕೊನೆಯದು ಹಿಂದೆ ಅಗಲವಾಗಿ, ನಡುವಿಗೆ ಆತುಕೊಳ್ಳಲು ಗಿಡ್ಡ ಬೆನ್ನೊರಗು ಉಳ್ಳದ್ದಾಗಿ ಆಯಿತು. ಇದಕ್ಕೆ ಬೆಸುಗೆಯಿಲ್ಲ, ಕಾರಖಾನೆಯವರು ಬಿಟ್ಟ ರಂಧ್ರಗಳಿಗೇ ಬೋಲ್ಟುಗಳಿಂದ ಬಿಗಿದದ್ದು. ಬೇಡವೆಂದ ದಿವಸ ಒಂದು ಪಾನಾದಿಂದ ಬಿಚ್ಚಬಹುದೆಂಬದು ಮಿಸ್ತ್ರಿಯವರ ಪಟ್ಟು. ಬಲಗಡೆಯ ಕಾಲುಮೆಟ್ಟನ್ನು ಅಗಲ ಮಾಡಿ, ಹಿಮ್ಮಡಿ ಜಾರದಂತೆ ಒಂದು ಬೆರಳಿನೆತ್ತರದ ಅಂಚನ್ನು ಇಟ್ಟರು. ಹೊಗೆಕೊಳವೆಯ ಕಾವು ತಾಕದಂತೆ ಮರೆ. ಹಿಡಿದುಕೊಳ್ಳಲು ಎರಡೂ ಬದಿಗೆ ಹಿಡಿಕೆ. ಸೊಂಟಕ್ಕೆ ಯಾವ ಪಟ್ಟಿಯೂ ಇಲ್ಲ. ಮಡಗಾರ್ಡುಗಳು ಉಳಿದವು. ತಗ್ಗು ಹ್ಯಾಂಡಲಿನ ಮಾತನ್ನು ಹುಡುಗನು ತಾನಾಗಿಯೇ ಬಿಟ್ಟನು. ಓಡಿಸುವವನು ಮುಂದಕ್ಕೆ ಬಾಗಿದರೆ ಹಿಂದೆ ಕುಳಿತವರಿಗೆ ಆಸರೆ ತಪ್ಪುವದೆಂದು ಅವನಿಗೆ ತಿಳಿದಿತ್ತು.

ಬಣ್ಣವು ಜಾವಾದ ಆ ಕಡುಗೆಂಪೇ. ಟಾಕಿಯ ಮೇಲಿನ ಬಂಗಾರದ ಗೆರೆಯನ್ನು ಎಳೆಯಲು ಗೋಕಾಕದ ಬಣ್ಣದ ಗೊಂಬೆಗಳ ಕಸಬಿನ ಒಬ್ಬ ಮುದುಕರನ್ನು ಕರೆತಂದರು. ಕಟ್ಟಿಗೆಯ ಬಾಳೆಹಣ್ಣಿಗೂ ಮಣ್ಣಿನ ಸೀತಾಫಲಕ್ಕೂ ಬಣ್ಣ ಕೊಟ್ಟು ಪಳಗಿದ ಆ ಕೈ, ಅಳತೆಯ ಪಟ್ಟಿಯಿಲ್ಲದೆ, ಒಂದೇ ಉಸಿರಿನಲ್ಲಿ ಒಂದು ಬದಿಯ ಗೆರೆಯನ್ನು ಮುಗಿಸಿತು. ಇನ್ನೊಂದು ಬದಿಯ ಗೆರೆ ಎಳ್ಳಿನಷ್ಟು ದಪ್ಪವಾಯಿತೆಂದು ಅವರೇ ಹೇಳಿದರು. ಬೇರೆ ಯಾರಿಗೂ ಕಂಡಿರಲಿಲ್ಲ.

ವಿಂಟೇಜ್ ಮಾನಕ್ಕೆ ಅರ್ಜಿ ಹಾಕಲಿಲ್ಲ. ವಾರಸಾ ಹಕ್ಕಿನಿಂದ ಹೆಸರು ಬದಲಾಯಿಸಿ, ಬಾಕಿ ತುಂಬಿ, ಪರೀಕ್ಷೆಗೆ ಒಯ್ದು ತೋರಿಸಿ, ಐದು ವರ್ಷಗಳ ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಂಡರು. ಆ ಕಾಗದಪತ್ರಗಳಿಗೆ ಹಿಡಿದ ಕಾಲದಲ್ಲಿ ಇನ್ನೊಂದು ಯಂತ್ರವನ್ನು ಬಿಚ್ಚಿ ಜೋಡಿಸಬಹುದಾಗಿತ್ತೆಂದು ಮಿಸ್ತ್ರಿಯವರು ಹೇಳುವರು. ಖುರ್ಚಿಯನ್ನು ಭಂಗಾರದವನಿಗೆ ಕೊಡಿರೆಂದು ಅತ್ತೆಯು ಹೇಳಿದ್ದಳು. ತಮ್ಮನು ಅದನ್ನು ರಾತ್ರಿ ಅಟ್ಟಕ್ಕೆ ಏರಿಸಿದನು. ನಿಚ್ಚಣಿಕೆಯ ಸಪ್ಪಳವನ್ನು ಕೇಳಿಯೂ ಆಕೆ ಏನನ್ನೂ ಕೇಳಲಿಲ್ಲ.

2023ರ ಫೆಬ್ರುವರಿಯ ಒಂದು ಮುಂಜಾನೆ ಗಾಡಿಯನ್ನು ಅಂಗಳಕ್ಕೆ ತಂದರು. ಜಾವಾದಲ್ಲಿ ಚಾಲೂ ಮಾಡುವ ಕಿಕ್ಕೂ ಗೇರು ಬದಲಿಸುವ ಸನ್ನೆಯೂ ಒಂದೇ. ಎಡಗಾಲಿನಿಂದ ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ಹೊರಳಿಸಿದರೆ ಕಿಕ್ಕು, ಕೆಳಕ್ಕೆ ಬಿಟ್ಟರೆ ಗೇರು. ಈ ಯುಕ್ತಿ ತಿಳಿಯದ ಕಳ್ಳನು ಗಾಡಿಯನ್ನು ಒಯ್ಯಲಾರನೆಂದು ಹಿಂದೆ ಜನ ಹೇಳಿಕೊಳ್ಳುತ್ತಿದ್ದರು. ಹುಡುಗನ ಒಂಬತ್ತನೆಯ ಒದೆತಕ್ಕೆ ಯಂತ್ರವು ಕೆಮ್ಮಿತು, ಹನ್ನೊಂದನೆಯದಕ್ಕೆ ಹಿಡಿಯಿತು. ನೀಲಿ ಹೊಗೆ ಅಂಗಳವನ್ನು ತುಂಬಿತು. ಕೋಳಿಗಳು ಕೊಟ್ಟಿಗೆಯ ಮಾಡಿಗೆ ಹಾರಿದವು. ತಂದೆಯು ಕಂಬಕ್ಕೆ ಒರಗಿ ಆ ದನಿಯನ್ನು ಕೇಳುತ್ತ ನಿಂತನು.

ಅತ್ತೆಯು ಕಟ್ಟೆಯ ಮೇಲಿನಿಂದ ಗಾಡಿಗೆ ಸರಿದು, ಪಟ್ಟಿಯ ಕೀಲನ್ನು ಬಿಚ್ಚಿ, ಕಾಲನ್ನು ಮಡಿಚಿ ಕಾಲುಮೆಟ್ಟಿನ ಮೇಲೆ ಇಟ್ಟುಕೊಂಡಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಹೆಲ್ಮೆಟನ್ನು ಇಟ್ಟುಕೊಂಡು ಸೆರಗನ್ನು ಸಿಕ್ಕಿಸಿಕೊಂಡಳು. ಗಾಡಿಯು ಓಣಿಯನ್ನು ದಾಟಿ ಕಾಲುವೆಯ ದಂಡೆಗೆ ಏರಿತು. ಹಿಂಗಾರಿ ಪಾಳಿಯ ನೀರು ಕಾಲುವೆಯಲ್ಲಿ ತುಂಬಿ ಹರಿಯುತ್ತಿತ್ತು. ಬಂಧಾರದ ವರೆಗೆ ಹೋಗಿ, ಅಲ್ಲಿ ಕೆಲ ಹೊತ್ತು ನಿಂತು, ತಿರುಗಿ ಬಂದರು. ಬಂದ ಮೇಲೆ ಎಲ್ಲರೂ ಆಕೆಯ ಮುಖವನ್ನು ನೋಡುತ್ತಿದ್ದರು.

“ಆಸನ ಎರಡು ಬೆರಳು ತಗ್ಗಾತು” ಎಂದಳು. “ನಿನ್ನ ಹೆಗಲ ಮ್ಯಾಲಿಂದ ರಸ್ತಿ ಪೂರಾ ಕಾಣವಲ್ದು.”

ಹುಡುಗನು ಅದೇ ಸಂಜೆ ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ಆಸನವನ್ನು ಸಾಯಕಲ್ಲಿಗೆ ಕಟ್ಟಿಕೊಂಡು ಸ್ಟೇಶನ್ನಿನ ಕಡೆಗೆ ಹೋದನು.